ನನ್ನ ಕಂಪ್ರೆಸರ್, ನಜೀರ್ ಭಾಯಿಯ ಕಿವಿ

ಬೇಸ್ ಗಿಟಾರ್ ಕೆಳಗಿಟ್ಟ ಮೇಲೂ ನನಗೆ ಫೋನು ಬರುವುದು ನಿಂತಿಲ್ಲ. ಹೊಸದಾಗಿ ಆರ್ಕೆಸ್ಟ್ರಾ ಸೇರಿದವರು, ಕಾಲೇಜಿನಲ್ಲಿ ಬ್ಯಾಂಡ್ ಕಟ್ಟಿಕೊಂಡವರು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ: ಯಾವ ಕಂಪ್ರೆಸರ್ ಪೆಡಲ್ ಕೊಳ್ಳಬೇಕು, ಅದರ ನಾಬ್‌ಗಳನ್ನು ಎಲ್ಲಿಗೆ ತಿರುಗಿಸಿ ಇಡಬೇಕು? ನಾಬ್‌ಗಳು ಚೆನ್ನಾಗಿ ಕಾಣುವ ಹಾಗೆ ನನ್ನ ಪೆಡಲಿನ ಫೋಟೋ ಕಳಿಸಿ ಎಂದು ಕೇಳಿದವರೂ ಇದ್ದಾರೆ. ಕಳಿಸಿದ್ದೇನೆ. ಅದರಿಂದ ಯಾರಿಗಾದರೂ ಉಪಯೋಗವಾಯಿತು ಎಂದು ನನಗನಿಸುವುದಿಲ್ಲ. ನನ್ನ ಬೆರಳಿನ ಭಾರಕ್ಕೆ ಹೊಂದಿದ್ದು ಇನ್ನೊಬ್ಬರ ಬೆರಳಿಗೆ ಹೊಂದುವುದಿಲ್ಲ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯವೂ ಇದಲ್ಲ. ಕೂತು ಬರೆಯುವುದೇ ವಾಸಿ.

ನಾನು ಶಿಕಾರಿಪುರದ ಒಂದು ಆರ್ಕೆಸ್ಟ್ರಾದಲ್ಲಿದ್ದೆ. ಮದುವೆಯ ಆರತಕ್ಷತೆ, ಗಣಪತಿ ಪೆಂಡಾಲು, ಶಾಲೆಯ ವಾರ್ಷಿಕೋತ್ಸವ, ಸಂಘದ ಬೆಳ್ಳಿಹಬ್ಬ, ಯಾವುದಕ್ಕೆ ಕರೆದರೂ ಹೋಗುತ್ತಿದ್ದೆವು. ಮಾಲೀಕರು ಓಂಕಾರಪ್ಪ. ಕೀಬೋರ್ಡ್ ನುಡಿಸುತ್ತಿದ್ದವರೂ ಅವರೇ, ವ್ಯಾನು ಓಡಿಸುತ್ತಿದ್ದವರೂ ಅವರೇ. ಹಾಡುವವರು ಬರುತ್ತಿದ್ದರು, ಹೋಗುತ್ತಿದ್ದರು. ಕೊನೆಯವರೆಗೆ ನಿಂತವಳು ಶೋಭಾ. ಮೈಕು, ಸ್ಪೀಕರ್ ಬಾಕ್ಸು, ಮಿಕ್ಸರ್ ಎಲ್ಲ ಸೊರಬದ ನಜೀರ್ ಭಾಯಿಯದು. ಅವರ ತಂದೆಯದು ಪೆಟ್ರೋಮ್ಯಾಕ್ಸ್ ಬಾಡಿಗೆಯ ಅಂಗಡಿ. ಅದನ್ನು ಸೌಂಡ್ ಸಿಸ್ಟಂ ಅಂಗಡಿ ಮಾಡಿದ್ದು ಇವರು. ಸೊರಬ, ಶಿಕಾರಿಪುರ ಎರಡೂ ತಾಲ್ಲೂಕಿನಲ್ಲಿ ಇವರ ಬಾಕ್ಸು ಹೋಗದ ಊರಿಲ್ಲ.

ಬೇಸ್ ನುಡಿಸುವವನನ್ನು ಜನ ಗಮನಿಸುವುದಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಶೋಭಾಳ ಜೊತೆ ಫೋಟೋ ತೆಗೆಸಿಕೊಳ್ಳುವವರು ನನ್ನ ಕೈಗೆ ಫೋನು ಕೊಟ್ಟು ‘ಒಂದು ಕ್ಲಿಕ್ ಮಾಡ್ರಿ’ ಅನ್ನುತ್ತಿದ್ದರು. ನನಗೆ ಅದರಿಂದ ಬೇಸರವಾಗಿದ್ದಿಲ್ಲ. ಬೇಸ್ ಇದ್ದಾಗ ಹಾಡು ನಿಂತ ನೆಲ ಗಟ್ಟಿ ಇರುತ್ತದೆ. ನೆಲವನ್ನು ಯಾರೂ ಹೊಗಳುವುದಿಲ್ಲ.

ಕಂಪ್ರೆಸರ್ ಏನು ಮಾಡುತ್ತದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಬೇಸ್ ಗಿಟಾರಿನಲ್ಲಿ ಒಂದು ಸ್ವರ ಜೋರಾಗಿ ಬಂದರೆ ಅದರ ಪಕ್ಕದ್ದು ಮೆತ್ತಗೆ ಬರುತ್ತದೆ. ದಪ್ಪ ತಂತಿಗೂ ತೆಳು ತಂತಿಗೂ ವ್ಯತ್ಯಾಸ, ಮೊದಲ ಹಾಡಿನ ಬೆರಳಿಗೂ ಕೊನೆಯ ಹಾಡಿನ ದಣಿದ ಬೆರಳಿಗೂ ವ್ಯತ್ಯಾಸ. ಜೋರಾಗಿ ಬಂದ ಸ್ವರದ ತಲೆಯನ್ನು ಕಾಲಿನಲ್ಲಿ ತುಳಿಯುವ ಈ ಪುಟ್ಟ ಪೆಟ್ಟಿಗೆ ಅದುಮುತ್ತದೆ. ಹಾಗೆ ಅದುಮಿ ಸಮ ಮಾಡಿದ ಮೇಲೆ ಒಟ್ಟು ದನಿಯನ್ನು ಎತ್ತಿದರೆ, ಮೆತ್ತಗಿದ್ದ ಸ್ವರವೂ ಹಿಂದಿನ ಸಾಲಿನವರಿಗೆ ಮುಟ್ಟುತ್ತದೆ. ಇಷ್ಟೇ ಅದರ ಕೆಲಸ. ಇಷ್ಟು ಗೊತ್ತಾಗಲು ನನಗೆ ಒಂದು ಮದುವೆ ಕೆಡಿಸಬೇಕಾಯಿತು.

ಮೊದಲನೆಯ ಪೆಡಲನ್ನು ಬೆಂಗಳೂರಿನ ಗಿಟಾರಿಸ್ಟ್ ಒಬ್ಬರಿಂದ ಹಳೆಯದೇ ಕೊಂಡಿದ್ದೆ. ನಾಲ್ಕು ನಾಬ್. ಇದು ದನಿಗೆ ಬಲ ಕೊಡುವ ಯಂತ್ರ ಎಂದು ತಿಳಿದು ನಾಲ್ಕನ್ನೂ ಬಲಕ್ಕೆ ಪೂರ್ತಿ ತಿರುಗಿಸಿ, ಶಿಕಾರಿಪುರದ ಕಲ್ಯಾಣ ಮಂಟಪವೊಂದರಲ್ಲಿ ಆರತಕ್ಷತೆಗೆ ಕೂತೆ. ಸ್ವರಕ್ಕೆ ಶುರುವೇ ಇಲ್ಲದಂತಾಯಿತು. ತಂತಿಗೆ ಬೆರಳು ಬಿದ್ದಾಗ ಬರುವ ಟಕ್ಕೆನ್ನುವ ಪೆಟ್ಟು ಹೋಯಿತು. ಬರೀ ಗುಂಯ್ ಎನ್ನುವ ಬಾಲ ಉಳಿಯಿತು. ನಾನು ನುಡಿಸದೆ ಸುಮ್ಮನಿದ್ದಾಗ ಪೆಟ್ಟಿಗೆ ಕರೆಂಟಿನ ಗುಂಯ್ಗುಡುವಿಕೆಯನ್ನೇ ಎತ್ತಿ ಬಾಕ್ಸಿಗೆ ಕಳಿಸುತ್ತಿತ್ತು. ಪುರೋಹಿತರು ಎರಡು ಸಲ ಫ್ಯಾನಿನ ಕಡೆ ನೋಡಿದರು. ಹಾಡಿನ ನಡುವೆ ಓಂಕಾರಪ್ಪ ನನ್ನ ಕಡೆ ಬಾಗಿ, “ಚಂದ್ರು, ಗಿಟಾರಿಗೆ ಕಂಬಳಿ ಹೊಚ್ಚೀಯೇನಪಾ?” ಎಂದರು. ನಾನು ಪೆಡಲಿನ ವೈರು ಕಿತ್ತು ನೇರವಾಗಿ ಸಿಕ್ಕಿಸಿಕೊಂಡು ಕಾರ್ಯಕ್ರಮ ಮುಗಿಸಿದೆ.

ಮರುವಾರ ಸೊರಬಕ್ಕೆ ಹೋಗಿ ಆ ಪೆಡಲನ್ನು ನಜೀರ್ ಭಾಯಿಯ ಮುಂದಿಟ್ಟೆ. ಮಾರಿಬಿಡುವ ಯೋಚನೆ ಇತ್ತು. ಅವರು ಗೋಡೌನಿನಲ್ಲಿ ಒಂದು ಬಾಕ್ಸಿಗೆ ಅದನ್ನು ಜೋಡಿಸಿ, ಬಾಕ್ಸಿನ ಮೇಲೆ ಅಂಗೈ ಊರಿ ನಿಂತರು. ಕೆಳಗಿನ ಸ್ವರಗಳನ್ನು ಅವರು ಯಾವಾಗಲೂ ಕೈಯಿಂದ ನೋಡುತ್ತಿದ್ದರು.

“ಚಂದ್ರಣ್ಣ, ಇದು ಜೋರು ಮಾಡೋ ಮಿಷನ್ ಅಲ್ಲ ಮಾರಾಯ್ರೆ, ತಗ್ಗಿಸೋ ಮಿಷನ್” ಎಂದರು. “ಮೊದ್ಲು ಎಲ್ಲ ಎಡಕ್ಕೆ ತನ್ನಿ.”

ಅವತ್ತು ಅವರು ಕಲಿಸಿದ ಕ್ರಮವನ್ನೇ ನಾನು ಕೊನೆಯವರೆಗೂ ಬಿಟ್ಟಿಲ್ಲ. ನಿಮ್ಮ ಕೈಯಲ್ಲಿ ಬರುವ ಅತಿ ಮೆತ್ತಗಿನ ಹಾಡನ್ನು ಮೊದಲು ನುಡಿಸಿ. ಪೆಟ್ಟಿಗೆ ಅದನ್ನು ಮುಟ್ಟಬಾರದು. ಆಮೇಲೆ ಕುಣಿಯುವ ಹಾಡನ್ನು ಗಟ್ಟಿಯಾಗಿ ನುಡಿಸಿ. ಅದುಮುವುದು ಅಲ್ಲಿ ಶುರುವಾಗಬೇಕು. ಎಲ್ಲಿಂದ ಅದುಮಬೇಕು ಎಂಬ ಈ ಗಡಿಯೇ ಥ್ರೆಶೋಲ್ಡ್. ಅಟ್ಯಾಕ್ ಎಂದರೆ ಎಷ್ಟು ಬೇಗ ಅದುಮಬೇಕು ಎನ್ನುವುದು. ತಕ್ಷಣ ಅದುಮಿದರೆ ಬೆರಳಿನ ಪೆಟ್ಟು ಸಾಯುತ್ತದೆ, ನನ್ನ ಮದುವೆಯ ಕಥೆಯಾಗುತ್ತದೆ. ಪೆಟ್ಟು ದಾಟಿ ಹೋಗುವಷ್ಟು ಹೊತ್ತು ಕೊಟ್ಟು ಆಮೇಲೆ ಹಿಡಿಯಬೇಕು. ರಿಲೀಸ್ ಎಂದರೆ ಹಿಡಿದದ್ದನ್ನು ಎಷ್ಟು ಬೇಗ ಬಿಡಬೇಕು ಎನ್ನುವುದು. ತಡ ಮಾಡಿ ಬಿಟ್ಟರೆ ಒಂದು ಜೋರು ಸ್ವರದ ಹಿಂದೆ ಬರುವ ಮೆತ್ತಗಿನ ಸ್ವರವೂ ಅದುಮಿಸಿಕೊಂಡು ಕೇಳದೇ ಹೋಗುತ್ತದೆ. ತೀರಾ ಬೇಗ ಬಿಟ್ಟರೆ ದನಿ ಏದುಸಿರು ಬಿಟ್ಟಂತೆ ಏಳುತ್ತಾ ಬೀಳುತ್ತಾ ಇರುತ್ತದೆ. ಕೊನೆಗೆ ಲೆವೆಲ್. ಪೆಡಲ್ ತುಳಿದಾಗಲೂ ಬಿಟ್ಟಾಗಲೂ ದನಿಯ ಮಟ್ಟ ಒಂದೇ ಇರುವ ಹಾಗೆ ಇಟ್ಟುಕೊಳ್ಳಿ. ಜೋರಾದದ್ದೆಲ್ಲ ಕಿವಿಗೆ ಚೆಂದ ಅನ್ನಿಸುತ್ತದೆ. ಆ ಮೋಸಕ್ಕೆ ಬೀಳದಿರಲು ಇದೊಂದೇ ದಾರಿ.

ಕೊಳ್ಳುವ ವಿಚಾರ. ನಾನು ಒಟ್ಟು ಮೂರು ಪೆಡಲ್ ಇಟ್ಟುಕೊಂಡಿದ್ದವನು. ಮೊದಲನೆಯದು ಲೀಡ್ ಗಿಟಾರಿಗೆಂದು ಮಾಡಿದ್ದು, ಕೆಳಗಿನ ಸ್ವರಗಳನ್ನು ಅದೇ ತಿಂದುಹಾಕುತ್ತಿತ್ತು. ಹಾಗಾಗಿ ಅಂಗಡಿಯಲ್ಲಿ ಅತಿ ದಪ್ಪ ತಂತಿಯ ಅತಿ ಕೆಳಗಿನ ಸ್ವರವನ್ನು ನುಡಿಸಿ ನೋಡದೆ ಕೊಳ್ಳಬೇಡಿ. ಎರಡನೆಯದರಲ್ಲಿ ಎಷ್ಟು ಅದುಮುತ್ತಿದೆ ಎಂದು ತೋರಿಸುವ ಸಣ್ಣ ದೀಪಗಳಿದ್ದವು. ಕಲಿಯುವವರಿಗೆ ಅಂಥದ್ದೇ ಬೇಕು, ಕಿವಿಗೆ ಇನ್ನೂ ತಿಳಿಯದ್ದನ್ನು ಕಣ್ಣಾದರೂ ನೋಡುತ್ತದೆ. ಮೂರನೆಯದರಲ್ಲಿ ಅದುಮಿದ ದನಿಯ ಜೊತೆ ಮೂಲ ದನಿಯನ್ನೂ ಬೆರೆಸುವ ನಾಬ್ ಇತ್ತು. ಅದು ನನಗೆ ಬಹಳ ಹಿಡಿಸಿತು. ಮನೆಯಲ್ಲಿ ಒಬ್ಬರೇ ಕೂತು ನುಡಿಸಿ ಯಾವ ಪೆಡಲನ್ನೂ ತೀರ್ಮಾನಿಸಬೇಡಿ. ಪಕ್ಕದಲ್ಲಿ ಡ್ರಮ್ಸ್ ನುಡಿಯುವಾಗ ನಿಮ್ಮ ಸ್ವರ ನಿಂತಿದೆಯೋ ಮುಳುಗಿದೆಯೋ ಅಷ್ಟೇ ಲೆಕ್ಕ.

ಇನ್ನೊಂದು ಎಚ್ಚರಿಕೆ ಸೊರಬದ ಹತ್ತಿರದ ಉಳವಿಯಲ್ಲಿ ಕಲಿತದ್ದು. ನಜೀರ್ ಭಾಯಿ ಆಗಷ್ಟೇ ಡಿಜಿಟಲ್ ಮಿಕ್ಸರ್ ತಂದಿದ್ದರು. ಮೊದಲು ಎರಡಾಳು ಹೊರುತ್ತಿದ್ದ ಸಾಮಾನು ಒಂದು ಸೂಟ್‌ಕೇಸಿನೊಳಗೆ ಬಂದಿತ್ತು. ಟ್ಯಾಬ್ ಹಿಡಿದು ಸಭೆಯ ನಡುವೆ ಓಡಾಡಿಕೊಂಡೇ ಸೌಂಡ್ ಮಾಡುತ್ತಿದ್ದರು. ಉಳವಿಯ ಒಂದು ಗೃಹಪ್ರವೇಶದ ಕಾರ್ಯಕ್ರಮದಲ್ಲಿ ನನ್ನ ಬೇಸ್ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅವರು ನನ್ನ ಪೆಡಲ್ ಕೆಟ್ಟಿದೆ ಎಂದರು, ನಾನು ಅವರ ಮಿಕ್ಸರ್ ಸರಿಯಿಲ್ಲ ಎಂದೆ. ಊಟದ ಪಂಕ್ತಿಯಲ್ಲೂ ದೂರ ದೂರ ಕೂತೆವು. ಆಮೇಲೆ ತಿಳಿಯಿತು, ಆ ಮಿಕ್ಸರಿನೊಳಗೂ ಒಂದು ಕಂಪ್ರೆಸರ್ ಇತ್ತು. ನಾನು ಅದುಮಿ ಕಳಿಸಿದ್ದನ್ನು ಅದು ಮತ್ತೆ ಅದುಮುತ್ತಿತ್ತು. ಅಂದಿನಿಂದ ಸೌಂಡಿನವರನ್ನು ಕೇಳದೆ ನಾನು ಪೆಡಲ್ ತುಳಿದಿಲ್ಲ.

ಇನ್ನು ಹೇಳಬೇಕಾದ್ದು ನಜೀರ್ ಭಾಯಿಯ ವಿಷಯ. ಅದನ್ನು ಬರೆಯಲು ಅವರ ಒಪ್ಪಿಗೆ ಇದೆ. ಬರೆದರೆ ಈ ಕೆಲಸಕ್ಕೆ ಬರುವವರು ಕಿವಿ ಉಳಿಸಿಕೊಳ್ಳುತ್ತಾರೆ ಎಂದು ಅವರೇ ಹೇಳಿದರು.

ನಾನು ನಿವೃತ್ತನಾಗುವುದಕ್ಕೆ ಕೆಲವು ವರ್ಷ ಮೊದಲು ನಮ್ಮ ಕಾರ್ಯಕ್ರಮಗಳ ಸೌಂಡ್ ಕೆಡತೊಡಗಿತು. ಬೇಸ್, ಡ್ರಮ್ಸ್ ಎಂದಿನಂತೆ ಚೆನ್ನಾಗಿರುತ್ತಿದ್ದವು. ಮೇಲಿನ ದನಿಗಳು ಮಾತ್ರ ಚುಚ್ಚುತ್ತಿದ್ದವು. ಶೋಭಾ ‘ಸ’ಕಾರ ಬರುವ ಸಾಲು ಹಾಡಿದರೆ ಮುಂದಿನ ಸಾಲಿನಲ್ಲಿ ಕೂತವರು ಮುಖ ಹಿಂಡುತ್ತಿದ್ದರು. ತನ್ನ ದನಿ ತಗಡು ಕೆರೆದ ಹಾಗೆ ಕೇಳುತ್ತದೆ, ಬೇರೆಯವರ ಸೌಂಡಿನಲ್ಲಿ ಹಾಡುವಾಗ ಹೀಗಾಗುವುದಿಲ್ಲ ಎಂದು ಅವಳು ಓಂಕಾರಪ್ಪನವರಲ್ಲಿ ದೂರಿದಳು. ನಜೀರ್ ಭಾಯಿ ಅವಳು ಮೈಕು ಹಿಡಿಯುವ ರೀತಿ ಸರಿಯಿಲ್ಲ ಎಂದರು. ಮಾತಿಗೆ ಮಾತು ಬೆಳೆಯಿತು. ಅವರು ಹೀಗೇ ಮಾಡುವುದಾದರೆ ತಾನು ಬೇರೆ ಟ್ರೂಪ್ ನೋಡಿಕೊಳ್ಳುತ್ತೇನೆ ಎಂದು ಶೋಭಾ ಹೇಳಿದ್ದು ನಿಜ. ಓಂಕಾರಪ್ಪ ನನ್ನನ್ನು ಪಕ್ಕಕ್ಕೆ ಕರೆದು ಶಿವಮೊಗ್ಗದ ಸೌಂಡಿನವರೊಬ್ಬರ ಜೊತೆ ಮಾತಾಡಿದ್ದೇನೆ ಎಂದರು. ಅವರು ಸಿಟ್ಟಿನಲ್ಲಿ ಹೇಳಲಿಲ್ಲ, ದುಃಖದಲ್ಲೇ ಹೇಳಿದರು. “ಅಂವಾ ನನಗೂ ಬೇಕಾದಾಂವನ ಐದಾನ. ಆದ್ರ ಹಾಡು ಕೇಳಾಕ ಬಂದ ಮಂದಿ ಕಿವಿ ಮುಚ್ಚಿಕೊಂಡ್ರ ನಾ ಏನ್ ಮಾಡ್ಲಿ?”

ನನಗೆ ವಿಷಯ ತಿಳಿದದ್ದು ಗುಡವಿಯಲ್ಲಿ. ಆ ಕಡೆ ಒಂದು ಊರಿನ ಕಾರ್ಯಕ್ರಮಕ್ಕೆ ಬೆಳಗ್ಗೆಯೇ ಹೋಗಿದ್ದೆವು. ಬಾಕ್ಸು ಇಳಿಸಲು ಆಳುಗಳು ಬರುವುದು ತಡವಾದ್ದರಿಂದ ನಾನೂ ನಜೀರ್ ಭಾಯಿಯೂ ಪಕ್ಷಿಧಾಮದ ಕೆರೆಯ ಕಡೆ ನಡೆದೆವು. ಹಕ್ಕಿಗಳು ಮರಿ ಮಾಡುವ ಕಾಲ. ನೀರಿನಲ್ಲಿ ನಿಂತ ಮರಗಳ ತುಂಬ ಗೂಡು. ಮರಿಗಳು ಒಂದೇ ಸಮನೆ ಚೀರುತ್ತಿದ್ದವು, ಪಕ್ಕದವರ ಮಾತು ಕೇಳಬೇಕಾದರೂ ಹತ್ತಿರ ಹೋಗಬೇಕು, ಅಷ್ಟು ಗಲಾಟೆ. ನಜೀರ್ ಭಾಯಿ ಕಟ್ಟೆಯ ಮೇಲೆ ಕೂತು ಬೀಡಿ ಹಚ್ಚಿ ಸಮಾಧಾನದಿಂದ, “ಎಷ್ಟು ತಣ್ಣಗದೆ ನೋಡಿ ಇಲ್ಲಿ. ಒಂದು ಸದ್ದಿಲ್ಲ” ಎಂದರು.

ನಾನು ಅವರ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ. ಅವರು ಮೇಲಿನ ದನಿಗಳನ್ನು ಏಕೆ ಅಷ್ಟು ಎತ್ತುತ್ತಾರೆ ಎಂಬುದು ಆಗ ಹೊಳೆಯಿತು. ಅವರಿಗೆ ಕೇಳುವಷ್ಟು ಎತ್ತುತ್ತಿದ್ದರು. ಕೆಳಗಿನ ದನಿ ಅವರಿಗೆ ಇನ್ನೂ ಪೂರ್ತಿ ಕೇಳುತ್ತಿತ್ತು, ಅದಕ್ಕೇ ನನ್ನ ಬೇಸ್ ಕೆಟ್ಟಿರಲಿಲ್ಲ.

ಅಲ್ಲೇ ಹೇಳಿದೆ. ಹಕ್ಕಿಗಳು ಚೀರುತ್ತಿವೆ, ನಿಮಗೆ ಕೇಳುತ್ತಿಲ್ಲ ಎಂದೆ. ಅವರು ಎದ್ದು ವ್ಯಾನಿನ ಕಡೆ ಹೋದರು. ಅವತ್ತು ಕೆಲಸಕ್ಕೆ ಬೇಕಾದ್ದು ಬಿಟ್ಟು ನನ್ನೊಡನೆ ಮಾತಾಡಲಿಲ್ಲ. ಮುಂದಿನ ಕಾರ್ಯಕ್ರಮದಲ್ಲೂ ಇಲ್ಲ. ನಾನು ದುಡುಕಿದೆನೇನೋ ಎಂದು ಮನೆಯಲ್ಲಿ ಹೇಳಿಕೊಂಡೆ. ಅದೊಂದು ಭಾನುವಾರ ಅವರೇ ಶಿಕಾರಿಪುರಕ್ಕೆ ನಮ್ಮ ಮನೆಗೆ ಬಂದರು. ಚಹಾ ಕುಡಿದು ಲೋಟ ಕೆಳಗಿಟ್ಟ ಮೇಲೆ ಬಾಯಿಬಿಟ್ಟರು. ಬಾಗಿಲ ಬೆಲ್ ಅವರಿಗೆ ಕೇಳುವುದಿಲ್ಲವಂತೆ, ಫೋನಿನ ರಿಂಗು ಕೇಳುವುದಿಲ್ಲವಂತೆ. ಟೀವಿಯ ದನಿಗೆ ಹೆಂಡತಿ ಮಮ್ತಾಜ್ ಬೈಯುವುದು ದಿನದ ಪಾಡು. ಇದೆಲ್ಲ ವಯಸ್ಸು ಎಂದುಕೊಂಡಿದ್ದರು.

“ಸೌಂಡಿನವ್ನಿಗೆ ಕಿವಿ ಕೇಳಲ್ಲ ಅಂತ ಗೊತ್ತಾದ್ರೆ ಯಾರು ಕರೀತಾರೆ ಚಂದ್ರಣ್ಣ?” ಎಂದರು.

ಯಾರೂ ಕರೆಯುವುದಿಲ್ಲ ಎನ್ನುವುದು ನನಗೂ ಗೊತ್ತಿತ್ತು. ಶಿವಮೊಗ್ಗಕ್ಕೆ ಹೋಗಿ ತೋರಿಸೋಣ, ನಾನೂ ಬರುತ್ತೇನೆ ಎಂದೆ.

ಶಿವಮೊಗ್ಗದ ಒಂದು ಕ್ಲಿನಿಕ್ಕಿನಲ್ಲಿ ಕಿವಿ ಪರೀಕ್ಷೆ ಮಾಡಿದವರು ಒಬ್ಬ ಹೆಣ್ಣುಮಗಳು, ವೀಣಾ ಎಂದು ಹೆಸರು. ಗಾಜಿನ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಕೈ ಎತ್ತಲು ಹೇಳಿದರು. ಕೆಳಗಿನ ಸದ್ದುಗಳಿಗೆ ನಜೀರ್ ಭಾಯಿ ಜೋರಾಗಿ ಕೈ ಎತ್ತಿದರು. ಮೇಲೆ ಹೋದ ಹಾಗೆ ಕೈ ತೊಡೆಯ ಮೇಲೇ ಉಳಿಯಿತು. ನಾನು ಹೊರಗೆ ವೀಣಾ ಅವರ ಪಕ್ಕ ನಿಂತು ನೋಡುತ್ತಿದ್ದೆ. ಬಾಕ್ಸಿನ ಪಕ್ಕದಲ್ಲೇ ವರ್ಷಗಟ್ಟಲೆ ನಿಂತು ಕೆಲಸ ಮಾಡಿದವರಿಗೆ ಹೀಗಾಗುತ್ತದೆ, ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದನ್ನು ಬಳಸಿಕೊಳ್ಳಬಹುದು ಎಂದು ವೀಣಾ ಮುಚ್ಚುಮರೆಯಿಲ್ಲದೆ ಹೇಳಿದರು. ಎರಡೂ ಕಿವಿಗೆ ಮಿಷನ್ ಹಾಕಿದರು. ಇನ್ನು ಮೇಲೆ ಬಾಕ್ಸಿನ ಹತ್ತಿರ ನಿಲ್ಲಬೇಡಿ ಎಂದು ನನಗೂ ಸೇರಿಸಿ ಹೇಳಿ, ನನ್ನ ಕೈಗೆ ಕಿವಿಗೆ ಇಟ್ಟುಕೊಳ್ಳುವ ಬಿರಡೆ ಕೊಟ್ಟರು. ವೇದಿಕೆ ಹತ್ತುವ ಹುಡುಗ ಹುಡುಗಿಯರೇ, ಪೆಡಲಿಗಿಂತ ಮೊದಲು ಆ ಬಿರಡೆ ಕೊಳ್ಳಿ.

ಕಿವಿ ಮಿಷನ್ ಹಾಕಿದ ಮಾತ್ರಕ್ಕೆ ಎಲ್ಲ ಸರಿಹೋಗಲಿಲ್ಲ. ಸ್ವಲ್ಪ ದಿನಕ್ಕೆ ನಜೀರ್ ಭಾಯಿ ಅದನ್ನು ತೆಗೆದು ಡಬ್ಬಿಯಲ್ಲಿಟ್ಟರು. ನಾನು ಸೊರಬಕ್ಕೆ ಹೋದಾಗ ಬರಿಗಿವಿಯಲ್ಲೇ ಕೂತಿದ್ದರು. ಮಮ್ತಾಜ್ ಭಾಬಿ ಅಡುಗೆಮನೆಯಿಂದ ನನಗೆ ದೂರು ಹೇಳುತ್ತಿದ್ದರು, ಭಾಯಿಗೆ ಅದೂ ಕೇಳುತ್ತಿರಲಿಲ್ಲ. ಯಾಕೆ ತೆಗೆದಿರಿ ಎಂದೆ.

“ತಲೆ ಚಿಟ್ಟು ಹಿಡೀತದೆ. ಪಾತ್ರೆ ಒಂದು ಢಣ್ ಅಂತು ಅಂದ್ರೆ, ಅದಾದ್ಮೇಲೆ ಇವಳ ಮಾತು ಸ್ವಲ್ಪ ಹೊತ್ತು ಬರಾದೇ ಇಲ್ಲ. ಆಮೇಲೆ ನಿಧಾನಕ್ಕೆ ಎದ್ದು ಬರ್ತದೆ. ಅಷ್ಟೊತ್ತಿಗೆ ಮಾತು ಮುಗ್ದಿರ್ತದೆ.”

ಜೋರಾದದ್ದನ್ನು ಹಿಡಿಯುತ್ತದೆ, ಬಿಡುವಾಗ ತಡ ಮಾಡುತ್ತದೆ, ಹಿಂದೆ ಬಂದ ಮೆತ್ತಗಿನದು ಮುಳುಗುತ್ತದೆ. ಈ ಮಾತನ್ನು ಇದೇ ಮನುಷ್ಯ ಗೋಡೌನಿನಲ್ಲಿ ನಿಂತು ನನಗೆ ಕಲಿಸಿದ್ದರು.

“ಭಾಯ್, ಇದು ರಿಲೀಸ್ ಅಲ್ವಾ?” ಎಂದೆ.

ಅವರು ಡಬ್ಬಿ ತೆರೆದು ಆ ಚಿಕ್ಕ ಮಿಷನ್ನನ್ನು ಅಂಗೈಯಲ್ಲಿಟ್ಟು ನೋಡಿದರು. ಆಮೇಲೆ ಒಳಗೆ ಹೋಗಿ ಅಂಗಿ ಬದಲಿಸಿಕೊಂಡು ಬಂದರು. ಶಿವಮೊಗ್ಗದ ಬಸ್ಸು ಹಿಡಿದೆವು.

ವೀಣಾ ನಮ್ಮ ಮಾತು ಕೇಳಿ ಖುಷಿಪಟ್ಟರು. ಅದರೊಳಗೂ ಕಂಪ್ರೆಷನ್ ಇದೆ, ಮೆತ್ತಗಿನ ಮಾತನ್ನು ಎತ್ತಿ ಜೋರಿನದನ್ನು ತಡೆಯಲು ಅದಿಲ್ಲದೆ ಆಗುವುದಿಲ್ಲ ಎಂದು ವಿವರಿಸಿದರು. ಬರುವವರು ಹೆಚ್ಚಿನಂಶ ‘ಸರಿ ಇಲ್ಲ’ ಎಂದಷ್ಟೇ ಹೇಳುತ್ತಾರೆ, ಎಲ್ಲಿ ಸರಿಯಿಲ್ಲ ಎಂದು ತಾವೇ ಊಹಿಸಬೇಕಾಗುತ್ತದೆ ಎಂದರು. ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿ, ಮಿಷನ್ನನ್ನು ಅದಕ್ಕೆ ಜೋಡಿಸಿ, ಒಂದೊಂದನ್ನೇ ಬದಲಿಸುತ್ತಾ ಹೋದರು. ಸ್ಟೀಲ್ ತಟ್ಟೆಯೊಂದನ್ನು ಮೇಜಿನ ಮೇಲೆ ಕುಟ್ಟಿ ತಕ್ಷಣ ಮೆಲ್ಲಗೆ ಮಾತಾಡುವುದು ನನ್ನ ಕೆಲಸ. ‘ಇನ್ನೂ ತಡ’, ‘ಈಗ ಬೇಗ ಆಯ್ತು, ಏಳ್ತಾ ಬೀಳ್ತಾ ಇದೆ’, ‘ಹಾಂ, ಇಲ್ಲಿ ನಿಲ್ಸಿ’ ಎಂದು ನಜೀರ್ ಭಾಯಿ ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ಮಾತು ಕೇಳಲು ಒಂದು ಹೊಂದಿಕೆ, ಸಂಗೀತ ಕೇಳಲು ಕಡಿಮೆ ಅದುಮುವ ಇನ್ನೊಂದು ಹೊಂದಿಕೆ ಎಂದು ಎರಡನ್ನು ಮಾಡಿ, ಫೋನಿನಲ್ಲೇ ಬದಲಿಸಿಕೊಳ್ಳುವುದನ್ನು ತೋರಿಸಿಕೊಟ್ಟರು. ಇಷ್ಟಾದರೂ ಇದು ಹುಟ್ಟು ಕಿವಿಯಾಗುವುದಿಲ್ಲ, ಸೌಂಡ್ ಮಾಡುವಾಗ ಮೇಲಿನ ದನಿಗಳಿಗೆ ಇನ್ನೊಬ್ಬರ ಕಿವಿಯನ್ನೂ ಕೇಳಿ ಎಂದು ಎಚ್ಚರಿಸಿದರು.

ಇನ್ನೊಬ್ಬರ ಕಿವಿ ಕೇಳಬೇಕೆಂದರೆ ಇನ್ನೊಬ್ಬರಿಗೆ ಹೇಳಬೇಕು. ನಜೀರ್ ಭಾಯಿಗೆ ಕಷ್ಟವಾದದ್ದು ಅದು. ಓಂಕಾರಪ್ಪ ಸೊರಬದ ಒಂದು ಆರತಕ್ಷತೆಯನ್ನು ಮಾತ್ರ ಅವರಿಗೆ ಬಿಟ್ಟು, ಅದರಾಚೆಗೆ ಶಿವಮೊಗ್ಗದವರನ್ನೇ ಕರೆಯುವುದೆಂದು ನಿಶ್ಚಯಿಸಿದ್ದರು. ಆ ದಿನ ಸೌಂಡ್ ಚೆಕ್ಕಿಗೆ ಮೊದಲು ನಜೀರ್ ಭಾಯಿ ಎಲ್ಲರನ್ನೂ ಮಿಕ್ಸರಿನ ಹತ್ತಿರ ಕರೆದರು. ಕಿವಿಯಿಂದ ಒಂದು ಮಿಷನ್ ತೆಗೆದು ಶೋಭಾಳಿಗೆ ತೋರಿಸಿದರು.

“ನಿನ್ನ ಮೈಕ್ ಸರೀನೇ ಇತ್ತು ತಂಗಿ. ನನಗೇ ಕೇಳ್ತಿರ್ಲಿಲ್ಲ” ಎಂದರು.

ಓಂಕಾರಪ್ಪ ಕೀಬೋರ್ಡಿನ ವೈರು ಸರಿಮಾಡುವವರಂತೆ ಬಗ್ಗಿದರು. ಮುಂದೇನು ಮಾಡಬೇಕು ಹೇಳಿ ಎಂದು ಶೋಭಾಳೇ ಕೇಳಿದಳು. ಅವಳು ಸಭೆಯ ನಡುವಿನ ಕುರ್ಚಿಯಲ್ಲಿ ಕೂತಳು, ಅವಳ ಮೈಕಿನಲ್ಲಿ ಓಂಕಾರಪ್ಪ ಅವಳ ಹಾಡುಗಳ ‘ಸ’ಕಾರದ ಸಾಲು ಹಾಡಿದರು, ನಜೀರ್ ಭಾಯಿ ಟ್ಯಾಬಿನಲ್ಲಿ ಮೇಲಿನ ದನಿಗಳನ್ನು ಇಳಿಸುತ್ತಾ ಬಂದರು. ಎಲ್ಲಿ ಸಾಕು ಎಂದು ಅವಳು ಕೈ ಮಾಡಿದಳೋ ಅಲ್ಲಿ ನಿಲ್ಲಿಸಿದರು. ಆಮೇಲೆ ಆ ಮಟ್ಟವನ್ನು ತಾವೊಮ್ಮೆ ಕೇಳಿ ಮನಸ್ಸಿಗೆ ಹಾಕಿಕೊಂಡರು.

ಮಧ್ಯಾಹ್ನದ ಕಾರ್ಯಕ್ರಮ. ನಾನು ವೇದಿಕೆಯ ಮೇಲಿನಿಂದ ಶೋಭಾಳನ್ನೇ ನೋಡುತ್ತಿದ್ದೆ. ಸೌಂಡ್ ಹೆಚ್ಚುಕಡಿಮೆಯಾದರೆ ಹಾಡುವವರು ತಮಗೆ ಗೊತ್ತಿಲ್ಲದೆ ಮಿಕ್ಸರಿನ ಕಡೆ ನೋಡುತ್ತಾರೆ. ಶೋಭಾ ಮೊದಲ ಹಾಡಿಗೆ ಒಂದೆರಡು ಸಲ ನೋಡಿದಳು. ಆಮೇಲೆ ಜನರನ್ನು ನೋಡಿಕೊಂಡು ಹಾಡಿದಳು. ಅಜ್ಜಿಯೊಬ್ಬರು ಮುಂದಿನ ಸಾಲಿನಲ್ಲಿ ಕೂತು ತೊಡೆಯ ಮೇಲೆ ತಾಳ ಹಾಕುತ್ತಿದ್ದರು, ಬಾಕ್ಸು ಅವರ ಎದುರಿಗೇ ಇತ್ತು. ಶಿವಮೊಗ್ಗದ ಸೌಂಡಿನವರ ಮಾತನ್ನು ಓಂಕಾರಪ್ಪ ಆ ದಿನವೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ.

ಎಲ್ಲ ಮುಗಿದು ಜನ ಊಟಕ್ಕೆ ಎದ್ದರು. ನಜೀರ್ ಭಾಯಿ ನಮಗೆ ಬೆನ್ನು ಹಾಕಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ವೈರು ಸುತ್ತುತ್ತಿದ್ದರು. ಹಿಂದೆ ಕುರ್ಚಿ ಎಳೆಯುವ ಸದ್ದು, ಬಡಿಸುವವರ ಕೂಗು. ಶೋಭಾ ಬಾಗಿಲಲ್ಲಿ ನಿಂತು ಸಾಧಾರಣ ದನಿಯಲ್ಲೇ, “ಭಾಯ್, ಎಲೆ ಹಾಕ್ಯಾರ, ಬರ್ರಿ” ಎಂದಳು.

“ಬಂದೆ ತಂಗಿ” ಎಂದರು ನಜೀರ್ ಭಾಯಿ, ತಿರುಗಿ ನೋಡದೆ.